ಕೋಳಿಗೂಡಿನ ಸುತ್ತ ಯಾವ ಗಿಡ? ಹಸುವನ್ನೂ ನೆನೆದು ನೆಡಿ



ನಮ್ಮ ಹಳ್ಳಿಗಳ ಬಹಳಷ್ಟು ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ಕೋಳಿಗೂಡು ಇರುತ್ತದೆ. ಹಾಲಿನ ಬಟವಾಡೆ ಸಂಸಾರದ ದೊಡ್ಡ ಖರ್ಚಿಗೆ, ಮೊಟ್ಟೆಯ ಕಾಸು ನಮ್ಮ ಕೈಖರ್ಚಿಗೆ. ನಾಟಿ ಕೋಳಿಯ ಜೊತೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೊಟ್ಟ ಗಿರಿರಾಜ, ಸ್ವರ್ಣಧಾರದಂಥ ತಳಿಗಳನ್ನೂ ಹಿತ್ತಲಲ್ಲಿ ಸಾಕುವವರು ಹೆಚ್ಚಾಗಿದ್ದಾರೆ.

ಬೇಸಿಗೆ ಬಂತೆಂದರೆ ತಗಡಿನ ಮಾಡಿನ ಗೂಡು ಕಾದ ಹೆಂಚಿನಂತಾಗುತ್ತದೆ. ಕೋಳಿಗೆ ಬೆವರುವ ಶಕ್ತಿ ಇಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಿಸಿಲು 30 ಡಿಗ್ರಿ ದಾಟಿದ ಮೇಲೆ ಅದಕ್ಕೆ ಕಷ್ಟ ಶುರುವಾಗುತ್ತದೆ. ಮೇವು ಕಡಿಮೆ ತಿನ್ನುತ್ತದೆ, ಮೊಟ್ಟೆ ಇಳಿಯುತ್ತದೆ, ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ಮೀರಿದ ದಿನಗಳಲ್ಲಿ ನೆರಳು, ನೀರು, ಗಾಳಿ ಇಲ್ಲದ ಗೂಡಿನಲ್ಲಿ ಕೋಳಿ ಸಾಯುವುದೂ ಉಂಟು. ಆದ್ದರಿಂದ ಗೂಡಿನ ಸುತ್ತ ನಾಲ್ಕು ಗಿಡ ನೆಡಬೇಕೆನ್ನುವ ಯೋಚನೆ ಒಳ್ಳೆಯದೇ.

ಆದರೆ ಯಾವ ಗಿಡ? ನರ್ಸರಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: “ಕಣಗಿಲೆ ಹಾಕಿ. ನೀರು ಬೇಡ, ವರ್ಷವಿಡೀ ಹೂವು, ದನ-ಮೇಕೆ ಬಾಯಿ ಹಾಕುವುದಿಲ್ಲ.” ಈ ಕೊನೆಯ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ದನ ಏಕೆ ಬಾಯಿ ಹಾಕುವುದಿಲ್ಲ? ಅದು ವಿಷ ಎಂದು.

ಹೈನುಗಾರರ ಮನೆಯಲ್ಲಿ ಕೋಳಿಗೂಡಿನ ಗಿಡ ಕೋಳಿಗೂಡಿನ ಬಳಿಯಲ್ಲೇ ಉಳಿಯುವುದಿಲ್ಲ. ಇಂದು ಬೇಲಿ, ನಾಳೆ ಸವರಿದ ಸೊಪ್ಪು, ನಾಡಿದ್ದು ಗೋದಲಿಯ ಪಕ್ಕದ ರಾಶಿ. ಆದ್ದರಿಂದ ಗೂಡಿನ ಸುತ್ತ ನೆಡುವ ಪ್ರತಿ ಗಿಡವೂ ಕೋಳಿಯ ಬಾಯಿಗೂ ಹಸುವಿನ ಬಾಯಿಗೂ ಸುರಕ್ಷಿತವಾಗಿರಬೇಕು. ಈ ಪಾಠದ ಸಾರ ಇಷ್ಟೇ.

ಎರಡು ಬಾಯಿ, ಎರಡು ಹೊಟ್ಟೆ

ಕೋಳಿ ಕುಕ್ಕಿ ನೋಡಿ, ಬೇಡವೆನಿಸಿದರೆ ಬಿಡುತ್ತದೆ. ಎಲೆಗಿಂತ ಅದಕ್ಕೆ ಬೀಜ, ಹಣ್ಣು, ಹುಳು ಇಷ್ಟ. ಹಾಗಾಗಿ ಕೋಳಿಗೆ ಹೆಚ್ಚಿನ ಅಪಾಯ ಕೆಳಗೆ ಉದುರುವ ವಿಷದ ಬೀಜದಿಂದ.

ಹಸುವಿನ ರೀತಿ ಬೇರೆ. ಬಯಲಿನಲ್ಲಿ ಮೇಯುವಾಗ ಅದು ಕಹಿ ಗಿಡವನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ನಾವು ಚಾಫ್ ಕಟರ್‌ನಲ್ಲಿ ಕತ್ತರಿಸಿ ಹುಲ್ಲಿನ ಜೊತೆ ಬೆರೆಸಿ ಹಾಕಿದರೆ ಅದಕ್ಕೆ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಹಸಿದ ಹಸು, ಕಟ್ಟಿದ ಹಸು, ಬರಗಾಲದ ಹಸು ಸಿಕ್ಕಿದ್ದನ್ನು ತಿನ್ನುತ್ತದೆ. ಕೆಲವು ವಿಷದ ಸೊಪ್ಪು ಬಾಡಿದಾಗ ಕಹಿ ಕಡಿಮೆಯಾಗುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ಹಸಿ ಗಿಡಕ್ಕೆ ಬಾಯಿ ಹಾಕದ ದನ ಬಾಡಿದ ಸೊಪ್ಪನ್ನು ತಿಂದು ಬೀಳುವುದು ಹೀಗೆ.

ಹೊಟ್ಟೆಯಲ್ಲೂ ವ್ಯತ್ಯಾಸವಿದೆ. ಸುಬಾಬುಲ್ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷಾಂಶ ಇದೆ. ಮೆಲುಕು ಹಾಕುವ ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಂದು ಮಿತಿಯವರೆಗೆ ಅರಗಿಸಬಲ್ಲವು. ಅದಕ್ಕೇ ಹಸಿ ಮೇವಿನ ಮೂರನೇ ಒಂದು ಭಾಗ ಮೀರದಂತೆ ಸುಬಾಬುಲ್ ಕೊಡಿ ಎನ್ನುವುದು. ಕೋಳಿಗೆ ಆ ಹೊಟ್ಟೆಯಿಲ್ಲ. ಸೊಪ್ಪು ಹೆಚ್ಚು ತಿಂದರೆ ಬೆಳವಣಿಗೆಯೂ ಮೊಟ್ಟೆಯೂ ಕುಗ್ಗುತ್ತವೆ. ಚೊಗಚೆ, ಅಂದರೆ ಅಗಸೆ ಮರದ ಸೊಪ್ಪೂ ಹೀಗೆಯೇ. ದನ-ಮೇಕೆಗೆ ಒಳ್ಳೆಯ ಮೇವು, ಕೋಳಿಮರಿಗಳಿಗೆ ಒಗ್ಗದು. ಗೊಬ್ಬರದ ಗಿಡವೆಂದು ನಾವು ಬದುವಿಗೆ ನೆಡುವ ಗ್ಲಿರಿಸಿಡಿಯದ ಹೆಸರಿನ ಅರ್ಥವೇ ‘ಇಲಿ ಕೊಲ್ಲುವುದು’ ಎಂದು. ಈ ಮೂರನ್ನೂ ಹೊಲದ ಬದುವಿನಲ್ಲಿ ಇಟ್ಟುಕೊಳ್ಳಿ. ಗೂಡಿನ ಪಕ್ಕಕ್ಕೆ ಬೇಡ.

ಮೊದಲು ಜಾಗ ನೋಡಿ

ಗಿಡ ತರುವ ಮುಂಚೆ ಒಂದು ದಿನ ಮಧ್ಯಾಹ್ನ ಎರಡು ಗಂಟೆಯಿಂದ ಐದು ಗಂಟೆಯವರೆಗೆ ಗೂಡಿನ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ನಮ್ಮ ಸೀಮೆಯಲ್ಲಿ ಗೂಡನ್ನು ಸುಡುವುದು ಪಡುವಣ ಬಿಸಿಲು. ನೆರಳಿನ ಮರ ಪಶ್ಚಿಮಕ್ಕೆ ಇರಲಿ. ಪೂರ್ವದ ಕಡೆ ತೆರೆದಿರಲಿ. ಬೆಳಗಿನ ಎಳೆ ಬಿಸಿಲು ಒಳಗೆ ಬಿದ್ದರೆ ಗೂಡಿನ ಹಾಸು ಒಣಗುತ್ತದೆ.

ಗೋಡೆಗೆ, ಜಾಲರಿಗೆ ಅಂಟಿಕೊಂಡಂತೆ ಯಾವ ಗಿಡವನ್ನೂ ನೆಡಬೇಡಿ. ಸುತ್ತ ಮೂರರಿಂದ ನಾಲ್ಕು ಅಡಿ ಜಾಗ ಗುಡಿಸಿದಂತೆ ಖಾಲಿ ಇರಬೇಕು. ಇದಕ್ಕೆ ಎರಡು ಕಾರಣ. ಒಂದು, ಗಾಳಿ ಆಡದಿದ್ದರೆ ಹಿಕ್ಕೆಯ ಅಮೋನಿಯ ಘಾಟು ಒಳಗೇ ನಿಂತು ಕೋಳಿಗಳ ಕಣ್ಣು, ಉಸಿರಾಟ ಕೆಡುತ್ತದೆ. ಇನ್ನೊಂದು, ಪೊದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮುಂಗುಸಿಗೂ ಅದೇ ಅಡಗುತಾಣ. ಸಂಜೆ ಕತ್ತಲಲ್ಲಿ ಗೂಡಿನ ಬಾಗಿಲು ಹಾಕಲು ಹೋಗುವವರು ನಾವೇ ಎಂಬುದನ್ನು ಮರೆಯಬೇಡಿ.

ಮರದ ಕೊಂಬೆ ಮಾಡಿಗೆ ತಾಗಬಾರದು. ಬೆಕ್ಕು, ಪುನುಗು ಬೆಕ್ಕು ಇಳಿಯಲು ಅದು ಏಣಿಯಾಗುತ್ತದೆ. ಕಾಗೆ, ಗುಬ್ಬಿಗಳ ಹಿಕ್ಕೆ ಕೋಳಿಯ ನೀರಿನ ಪಾತ್ರೆಗೆ ಬೀಳದಂತೆಯೂ ನೋಡಿಕೊಳ್ಳಿ. ಹಕ್ಕಿಗಳ ಮೂಲಕ ಕೊಕ್ಕರೆ ರೋಗದಂಥ ಸೋಂಕು ಬರುವ ಸಾಧ್ಯತೆ ಇರುತ್ತದೆ.

ನಂಬಿ ನೆಡಬಹುದಾದ ಗಿಡಗಳು

ನುಗ್ಗೆ: ಎರಡೂ ಬಾಯಿಗೆ ಒಪ್ಪುವ ಗಿಡಗಳಲ್ಲಿ ಮೊದಲ ಸ್ಥಾನ ಇದಕ್ಕೆ. ಬರ ತಾಳುತ್ತದೆ, ಬೇಗ ಬೆಳೆಯುತ್ತದೆ, ನೆರಳು ತೆಳುವಾದ್ದರಿಂದ ಗಾಳಿ ತಡೆಯುವುದಿಲ್ಲ. ಒಣಗಿದ ಸೊಪ್ಪಿನ ತೂಕದಲ್ಲಿ ಸುಮಾರು ಕಾಲು ಭಾಗ ಸಸಾರಜನಕ. ಸವರಿದ ಸೊಪ್ಪನ್ನು ಹಸುವಿಗೆ ಹುಲ್ಲಿನ ಜೊತೆ ಕೊಡಿ, ಒಂದು ಕಟ್ಟನ್ನು ಕೋಳಿಗೆ ತೂಗು ಹಾಕಿ, ಉಳಿದದ್ದು ಸಾರಿಗೆ. ಪಿಕೆಎಂ-1, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಗಳು ಬೀಜದಿಂದಲೇ ಬರುತ್ತವೆ. ನುಗ್ಗೆಯ ಕೊಂಬೆ ಬಲು ಮೆದು, ಗಾಳಿಗೆ ಮುರಿಯುತ್ತದೆ. ಆದ್ದರಿಂದ ಗೂಡಿನಿಂದ ಎಂಟು ಹತ್ತು ಅಡಿ ದೂರ ನೆಟ್ಟು, ಆಳೆತ್ತರಕ್ಕೆ ಆಗಾಗ ಸವರುತ್ತಿರಿ. ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿಹುಳು ಮುತ್ತಿದರೆ ಔಷಧಿ ಹೊಡೆಯಬೇಡಿ. ಉದ್ದನೆಯ ಪೊರಕೆಯಿಂದ ಸೋಪಿನ ನೀರಿನ ಬಕೆಟ್ಟಿಗೆ ಗುಡಿಸಿ ಹಾಕಿ.

ಹಿಪ್ಪುನೇರಳೆ: ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಅಕ್ಕಂದಿರಿಗೆ ಇದರ ಪರಿಚಯ ಹೇಳಬೇಕಿಲ್ಲ. ರೇಷ್ಮೆ ಹುಳುವಿಗೆ ಮಾತ್ರವಲ್ಲ, ಹಾಲು ಕೊಡುವ ಹಸುವಿಗೂ ಇದು ರುಚಿಯಾದ, ಸಸಾರಜನಕ ತುಂಬಿದ ಸೊಪ್ಪು. ಮರವಾಗಿ ಬೆಳೆಯಲು ಬಿಟ್ಟರೆ ಒಳ್ಳೆಯ ನೆರಳು ಸಿಗುತ್ತದೆ. ಉದುರಿದ ಹಣ್ಣನ್ನು ಕೋಳಿಗಳು ಒಂದೂ ಬಿಡುವುದಿಲ್ಲ. ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತದೆ. ರೇಷ್ಮೆ ತೋಟದ ಸೊಪ್ಪಿಗೆ ಔಷಧಿ ಹೊಡೆದಿದ್ದರೆ ಅದು ಕೋಳಿಗೂ ದನಕ್ಕೂ ಬೇಡ.

ದಾಸವಾಳ: ಬೇಲಿಗೆ ಕಣಗಿಲೆಯ ಬದಲು ಇದನ್ನೇ ಹಾಕಿ. ಕಡ್ಡಿಯಿಂದ ಬೆಳೆಯುತ್ತದೆ, ಎಷ್ಟು ಸವರಿದರೂ ಚಿಗುರುತ್ತದೆ. ಪೂಜೆಗೆ ಹೂವು ನಮಗೆ, ಬಿದ್ದ ಹೂವು ಕೋಳಿಗೆ, ಸವರಿದ ಸೊಪ್ಪು ದನಕ್ಕೆ. ಯಾರಿಗೂ ತೊಂದರೆ ಇಲ್ಲ.

ನೇಪಿಯರ್: ಸಿಒ-3, ಸಿಒ-4 ಅಥವಾ ಸೂಪರ್ ನೇಪಿಯರ್ ಸಾಲು ಗೂಡಿನಿಂದ ಆರೇಳು ಅಡಿ ದೂರದಲ್ಲಿದ್ದರೆ ಬಿರುಗಾಳಿಗೂ ಬಿಸಿಲಿಗೂ ಒಳ್ಳೆಯ ಮರೆ. ಕೊಟ್ಟಿಗೆ ತೊಳೆದ ನೀರನ್ನು ಅತ್ತ ತಿರುಗಿಸಿ. ಒಂದೂವರೆ ತಿಂಗಳಿಗೊಮ್ಮೆ ಕೊಯ್ಯಲೇಬೇಕು. ಬಲಿತು ಒತ್ತಾಗಿ ಬಿದ್ದರೆ ಹಾವಿಗೆ ಮನೆಯಾಗುತ್ತದೆ. ಸಾಲನ್ನು ಎರಡು ಭಾಗ ಮಾಡಿ ಸರದಿಯಂತೆ ಕೊಯ್ದರೆ ಮರೆಯೂ ಉಳಿಯುತ್ತದೆ, ಮೇವೂ ಸಿಗುತ್ತದೆ.

ಬಾಳೆ ಮತ್ತು ಪಪ್ಪಾಯಿ: ಬಚ್ಚಲ ನೀರು ಹರಿಯುವ ಕಡೆ ಇವಕ್ಕೆ ಜಾಗ ಕೊಡಿ. ಬಾಳೆ ಎಲೆ, ದಿಂಡು ದನಕ್ಕೆ. ಪಪ್ಪಾಯಿ ಹಣ್ಣಿನ ಸಿಪ್ಪೆ, ಬೀಜ ಕೋಳಿಗೆ. ಆದರೆ ಬಾಳೆ ನೀರಿಲ್ಲದೆ ನಿಲ್ಲದು. ಒಣ ಹಿತ್ತಲಿಗೆ ನುಗ್ಗೆಯೇ ಸರಿ.

ತೊಂಡೆ, ಬಸಳೆ, ಹೀರೆ: ಗಿಡ ಮರವಾಗುವ ತನಕ ಕಾಯಬೇಕಲ್ಲ? ಆ ಎರಡು ವರ್ಷಕ್ಕೆ ಬಳ್ಳಿಯೇ ಉಪಾಯ. ಗೂಡಿನ ಮುಂದಿನ ಅಂಗಳದ ಮೇಲೆ ನಾಲ್ಕು ಕಂಬ ನೆಟ್ಟು ಚಪ್ಪರ ಹಾಕಿ ತೊಂಡೆ ಹಬ್ಬಿಸಿ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಬಸಳೆ ಚಪ್ಪರ ಮೊದಲೇ ಇದ್ದರೆ ಗೂಡನ್ನೇ ಅದರ ಬಳಿಗೆ ತನ್ನಿ. ಬುಡ ಕೋಳಿಯ ಕಾಲಿಗೆ ಸಿಗದಂತೆ ಜಾಲರಿಯ ಹೊರಗಿರಲಿ.

ಚೆಂಡುಹೂ, ತುಳಸಿ, ಕರಿಬೇವು: ಅಂದಕ್ಕೂ ಅಡುಗೆಗೂ ಆಗುತ್ತವೆ, ಕೋಳಿಗೆ ತೊಂದರೆ ಮಾಡುವುದಿಲ್ಲ. ಚೆಂಡುಹೂವಿನ ಎಸಳು ತಿಂದ ಕೋಳಿಯ ಮೊಟ್ಟೆಯ ಭಂಡಾರಕ್ಕೆ ಹಳದಿ ಬಣ್ಣ ಚೆನ್ನಾಗಿ ಬರುತ್ತದೆ. ಹಬ್ಬ ಮುಗಿದ ಮೇಲೆ ಮನೆಯಲ್ಲೇ ಬೆಳೆದ ಹೂವನ್ನು ಕೋಳಿಗೆ ಹಾಕಿ. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದು ಬೇಡ.

ಹಿತ್ತಲಲ್ಲಿ ಬೇವು, ಹೊಂಗೆ ಮೊದಲೇ ಇದ್ದರೆ ಕಡಿಯಬೇಕಾಗಿಲ್ಲ. ಅಂಥ ನೆರಳು ಹೊಸ ಗಿಡದಿಂದ ಬೇಗ ಸಿಗದು. ಹೊಂಗೆಯ ಬೀಜ ಮಾತ್ರ ಕಹಿ ಮತ್ತು ವಿಷಕರ, ಉದುರುವ ಕಾಲದಲ್ಲಿ ಗುಡಿಸಿ ತೆಗೆಯಿರಿ.

ಗೂಡಿನ ಬಳಿ ಬೇಡವೇ ಬೇಡ

ಈ ಪಟ್ಟಿಯನ್ನು ಮನೆಯ ಎಲ್ಲರಿಗೂ ಓದಿ ಹೇಳಿ. ಸೊಪ್ಪು ಸವರುವವರು, ದನಕ್ಕೆ ಮೇವು ಹಾಕುವವರು ಬೇರೆ ಬೇರೆಯವರಾಗಿರುತ್ತಾರೆ.

1. ಕಣಗಿಲೆ, ಹಳದಿ ಕಣಗಿಲೆ: ಎಲೆ, ಹೂ, ಕಾಂಡ, ಬೀಜ ಎಲ್ಲವೂ ಹೃದಯಕ್ಕೆ ವಿಷ. ಒಣಗಿದರೂ ವಿಷ ಹೋಗುವುದಿಲ್ಲ. 400 ಕಿಲೋ ತೂಗುವ ಹಸುವನ್ನು ಕೊಲ್ಲಲು ಒಂದು ಹಿಡಿ ಒಣ ಎಲೆ ಸಾಕು. ಪೂಜೆಯ ಕಣಗಿಲೆ ಹೂವನ್ನೂ ತಿಪ್ಪೆಗೆ, ಗೋದಲಿಗೆ ಎಸೆಯಬೇಡಿ.

2. ಲಂಟಾನ: ಊರೂರಿಗೆ ಇದಕ್ಕೆ ಚದುರಂಗಿ, ರೋಜವಾರ ಎಂದು ಹೆಸರು. ದನದ ಪಿತ್ತಕೋಶ, ಯಕೃತ್ತು ಕೆಡಿಸುತ್ತದೆ. ತಿಂದ ಹಸು ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಬರಲು ಒಲ್ಲೆ ಎನ್ನುತ್ತದೆ. ಎಚ್‌.ಎಫ್‌. ಹಸುವಿನ ಬಿಳಿ ಮಚ್ಚೆಯ ಚರ್ಮ ಬಿರಿದು ಸುಲಿಯುತ್ತದೆ.

3. ಹರಳು, ಕಾಡು ಹರಳು: ಬೀಜದಲ್ಲಿ ಕಡು ವಿಷ. ಕೋಳಿ ಬೀಜ ಕುಕ್ಕುವ ಪ್ರಾಣಿಯಾದ್ದರಿಂದ ಇದು ಅದಕ್ಕೆ ನೇರ ಅಪಾಯ. ಹರಳು ಹಿಂಡಿಯನ್ನು ಗೊಬ್ಬರವೆಂದು ಗೂಡಿನ ಸುತ್ತಲ ಗಿಡಗಳಿಗೆ ಹಾಕಬೇಡಿ. ಕೋಳಿ ಕೆದಕಿ ತಿನ್ನುತ್ತದೆ, ನಾಯಿಯೂ ತಿನ್ನುತ್ತದೆ.

4. ಗುಲಗಂಜಿ, ದತ್ತೂರಿ, ಗೌರಿಹೂವಿನ ಬಳ್ಳಿ: ಇವನ್ನು ಯಾರೂ ನೆಡುವುದಿಲ್ಲ, ಮಳೆಗಾಲದಲ್ಲಿ ಬೇಲಿಗೆ ತಾವೇ ಹಬ್ಬುತ್ತವೆ. ಬೀಜ ಕಟ್ಟುವ ಮುಂಚೆ ಗಡ್ಡೆ-ಬೇರು ಸಮೇತ ಕೀಳಬೇಕು.

5. ಡುರಾಂಟ, ಕಾಶಿ ಕಣಗಿಲೆ: ಎರಡೂ ನರ್ಸರಿಯಲ್ಲಿ ಸುಲಭವಾಗಿ ಸಿಗುವ ಅಂದದ ಗಿಡಗಳು. ಡುರಾಂಟದ ಹಳದಿ ಕಾಯಿಗಳು ವಿಷ, ಮಕ್ಕಳಿಗೂ ಅಪಾಯ. ದಿನವೂ ಹೂ ಬಿಡುವ ಕಾಶಿ ಕಣಗಿಲೆ ಮನೆಯ ಮುಂದಿರಲಿ, ಹಿತ್ತಲಿಗೆ ಬೇಡ.

6. ಬೆಣ್ಣೆಹಣ್ಣು: ಕೊಡಗು, ಚಿಕ್ಕಮಗಳೂರಿನಲ್ಲಿ ಮೊದಲಿನಿಂದ ಇದ್ದದ್ದು, ಈಗ ಬಯಲುಸೀಮೆಗೂ ಬಂದಿದೆ. ಹಣ್ಣು ನಮಗೆ ಒಳ್ಳೆಯದು, ಆದರೆ ಎಲೆ, ಸಿಪ್ಪೆ, ಓಟೆ ಹಕ್ಕಿಗಳಿಗೆ ವಿಷ. ಎಲೆ ತಿಂದ ಹಾಲು ಕೊಡುವ ದನ, ಮೇಕೆಗಳ ಕೆಚ್ಚಲು ಊದಿ ಹಾಲು ಇಳಿದುಹೋಗಬಹುದು. ಕೆಚ್ಚಲು ಬಾವೆಂದೇ ನಾವು ತಿಳಿಯುತ್ತೇವೆ. ತೋಟದಲ್ಲಿ ಬೆಳೆಯಿರಿ, ಕೊಟ್ಟಿಗೆ ಮತ್ತು ಗೂಡಿನಿಂದ ದೂರ.

7. ಕಳ್ಳಿ: ಬೇಲಿಗೆ ಗಟ್ಟಿ ನಿಜ. ಅದರ ಹಾಲು ಕಣ್ಣಿಗೆ ಸಿಡಿದರೆ ಕೋಳಿಗೂ ನಮಗೂ ಉರಿ, ಊತ, ದೃಷ್ಟಿಗೇ ಅಪಾಯ.

8. ಮರಗೆಣಸು: ಹಸಿ ಸೊಪ್ಪಿನಲ್ಲಿ ಎಳೆ ಜೋಳದ ಪೈರಿನಲ್ಲಿರುವಂಥದೇ ಸಯನೈಡ್ ವಿಷವಿದೆ.

ಇನ್ನು ಕಾಂಗ್ರೆಸ್ ಹುಲ್ಲು. ಅದು ಮೇವಿನಲ್ಲಿ ಸೇರಿದರೆ ಹಾಲೇ ಕಹಿಯಾಗುತ್ತದೆ. ಸಂಘದ ಕ್ಯಾನಿಗೆ ನಾವು ಹಾಕುವ ಹಾಲು ನೂರಾರು ಮನೆಯ ಹಾಲಿನ ಜೊತೆ ಬೆರೆಯುತ್ತದೆ. ಹೂ ಬಿಡುವ ಮುಂಚೆ ಕೈಗೆ ಚೀಲ ಕಟ್ಟಿಕೊಂಡು ಕಿತ್ತು ಹಾಕಿ.

ನೆಟ್ಟ ಗಿಡ ಉಳಿಯಬೇಕಾದರೆ

ಮುಂಗಾರು ಹಿಡಿದ ಮೇಲೆ, ಜೂನ್-ಜುಲೈಯಲ್ಲಿ ನೆಡುವುದು ಉತ್ತಮ. ಒಂದೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹಸಿ ಕೋಳಿ ಹಿಕ್ಕೆಯನ್ನು ಬುಡಕ್ಕೆ ಹಾಕಬೇಡಿ. ಅದರ ಕಾವಿಗೆ ಎಳೆ ಗಿಡ ಸುಟ್ಟುಹೋಗುತ್ತದೆ. ಹಿಕ್ಕೆಯನ್ನು ಕಸ, ಒಣ ಎಲೆಯ ಜೊತೆ ಗುಂಡಿಯಲ್ಲಿ ಕೆಲವು ತಿಂಗಳು ಕೊಳೆಸಿ ಬಳಸಿ. ಗೂಡು ಗುಡಿಸಿದ ಕಸವನ್ನು ಕೊಯ್ಯಲಿರುವ ನೇಪಿಯರ್ ಮೇಲೆ ಸುರಿಯುವುದೂ ತಪ್ಪು. ಆ ಮೇವಿನ ಮೂಲಕ ರೋಗಾಣು ಹಸುವಿನ ಹೊಟ್ಟೆ ಸೇರುತ್ತದೆ.

ಎಳೆ ಗಿಡದ ದೊಡ್ಡ ಶತ್ರು ಕೋಳಿಯೇ. ಒಂದೇ ಮಧ್ಯಾಹ್ನದಲ್ಲಿ ಬುಡ ಕೆದಕಿ ಬೇರು ಹೊರಹಾಕುತ್ತದೆ. ಬುಡದ ಸುತ್ತ ಎರಡಡಿ ಅಗಲಕ್ಕೆ ಅಂಗೈಯಗಲದ ಕಲ್ಲು ಹೊಂದಿಸಿ. ಕೆದಕಲು ಆಗುವುದಿಲ್ಲ, ತೇವವೂ ನಿಲ್ಲುತ್ತದೆ. ಮೊದಲ ಆರು ತಿಂಗಳು ತಳವಿಲ್ಲದ ಹಳೆಯ ಬುಟ್ಟಿ ಅಥವಾ ಜಾಲರಿಯ ಸುತ್ತುಗಟ್ಟಿ.

ಕೀಟನಾಶಕದ ವಿಷಯದಲ್ಲಿ ಒಂದೇ ನಿಯಮ: ಗೂಡಿನ ಸುತ್ತ ಬೇಡ. ಅದರಲ್ಲೂ ಹರಳು ರೂಪದ ಔಷಧಿಯನ್ನು ಕೋಳಿ ಕಾಳು ಎಂದೋ ಮರಳೆಂದೋ ತಿಳಿದು ನುಂಗಿಬಿಡುತ್ತದೆ.

ಹಸು ವಿಷದ ಸೊಪ್ಪು ತಿಂದರೆ

ಇದ್ದಕ್ಕಿದ್ದಂತೆ ಜೊಲ್ಲು, ಭೇದಿ, ನಡುಕ, ಏರುಪೇರಾದ ಎದೆಬಡಿತ, ಹೊಟ್ಟೆಯುಬ್ಬರ, ನಿಲ್ಲಲಾಗದೆ ಬೀಳುವುದು ಇವು ಎಚ್ಚರಿಕೆಯ ಗುರುತುಗಳು. ತಕ್ಷಣ ಗೋದಲಿಯ ಮೇವನ್ನೆಲ್ಲ ತೆಗೆಯಿರಿ. ಹಸುವನ್ನು ನೆರಳಿನಲ್ಲಿ ಕಟ್ಟಿ, ಓಡಿಸಬೇಡಿ, ನಡೆಸಬೇಡಿ. ಕಣಗಿಲೆ ತಿಂದಿದ್ದರೆ ಆ ಆಯಾಸಕ್ಕೇ ಹೃದಯ ನಿಲ್ಲಬಹುದು. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಹುಣಸೆ ನೀರು ಎಂದು ಸುರಿಯಬೇಡಿ. ಬಳಲಿದ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸಂಘದ ಮೂಲಕ ಒಕ್ಕೂಟದ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಉಳಿದ ಸೊಪ್ಪನ್ನು ಎಸೆಯದೆ ಚೀಲದಲ್ಲಿ ಇಟ್ಟಿರಿ. ಯಾವ ಎಲೆ ಎಂದು ತಿಳಿದರೆ ವೈದ್ಯರ ಕೆಲಸ ಅರ್ಧ ಸುಲಭವಾಗುತ್ತದೆ. ಆ ಹಸುವಿನ ಹಾಲನ್ನು ವೈದ್ಯರು ಹೇಳುವ ತನಕ ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ಈ ವಾರ ಮಾಡಬೇಕಾದ ಕೆಲಸ

- ಗೂಡು ಮತ್ತು ಕೊಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಮೇಲಿನ ಪಟ್ಟಿಯ ಗಿಡ ಇದ್ದರೆ ಗುರುತು ಹಾಕಿ.
- ಕಣಗಿಲೆ, ಲಂಟಾನ ಇದ್ದರೆ ಬೇರು ಸಮೇತ ಕಿತ್ತು, ದನ ಬಾರದ ಕಡೆ ಆಳವಾದ ಗುಂಡಿಯಲ್ಲಿ ಹೂಳಿ. ಸುಡಬೇಡಿ, ಕಣಗಿಲೆಯ ಹೊಗೆಯೂ ಕೆಟ್ಟದ್ದು. ಕೆಲಸದ ನಂತರ ಕೈ, ಕತ್ತಿ ತೊಳೆಯಿರಿ.
- ಚಾಫ್ ಕಟರ್‌ಗೆ ಹಾಕುವ ಮುಂಚೆ ಪ್ರತಿ ಹೊರೆಯನ್ನೂ ಬಿಚ್ಚಿ ನೋಡುವ ಅಭ್ಯಾಸ ಮಾಡಿ. ಹೆಸರು ಗೊತ್ತಿಲ್ಲದ ಎಲೆ ಮೇವಾಗಬಾರದು.
- ಪಡುವಣಕ್ಕೆ ಒಂದು ನುಗ್ಗೆ, ಬೇಲಿಗೆ ಹತ್ತು ದಾಸವಾಳದ ಕಡ್ಡಿ, ಅಂಗಳಕ್ಕೆ ಒಂದು ತೊಂಡೆ ಬಳ್ಳಿ. ಇವು ನೆರೆಮನೆಯಲ್ಲೇ ಸಿಗುತ್ತವೆ, ದುಡ್ಡು ಬೇಡ.
- ನೇಪಿಯರ್ ಕಡ್ಡಿ ಬೇಕಾದರೆ ನಿಮ್ಮ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿ.

ಗೂಡಿನ ನೆರಳಿಗೆಂದು ನೆಡುವ ಗಿಡ ನಾಳೆ ದನಕ್ಕೆ ಮೇವಾಗಲಿ, ಮನೆಗೆ ಸೊಪ್ಪಾಗಲಿ. ಮುಂದಿನ ಸಂಘದ ಸಭೆಗೆ ನಿಮ್ಮ ಬೇಲಿಯಲ್ಲಿರುವ ಗುರುತು ಸಿಗದ ಗಿಡದ ಒಂದು ಟೊಂಗೆಯನ್ನು ಚೀಲದಲ್ಲಿ ಕಟ್ಟಿ ತನ್ನಿ. ಹತ್ತು ಜನ ನೋಡಿದರೆ ಒಬ್ಬರಿಗಾದರೂ ಅದರ ಹೆಸರು ಗೊತ್ತಿರುತ್ತದೆ. ಯಾರಿಗೂ ಗೊತ್ತಾಗದಿದ್ದರೆ ಪಶುವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಅದನ್ನು ದನದ ಬಾಯಿಗೆ ಸಿಗದಂತೆ ಇಡಿ.